ಗುಡ್ಡಮ್ಮ ಆರಿಸಿದ ಮರಿ

ನಮ್ಮ ಕಡೆ ನಾಯಿಮರಿ ಆರಿಸುವುದಕ್ಕೆ ಇರುವುದು ಒಂದೇ ಪರೀಕ್ಷೆ. ಕುತ್ತಿಗೆಯ ಚರ್ಮ ಹಿಡಿದು ಎತ್ತಬೇಕು. ಕುಂಯ್ ಎನ್ನದೆ ನೇತಾಡುವ ಮರಿ ಗಟ್ಟಿ. ಈ ಸಲ ನಮ್ಮ ನಾಯಿ ನಾಲ್ಕು ಮರಿ ಹಾಕಿದಾಗ ಬಾಳೆಹೊನ್ನೂರಿನವರು ಹಾಗೇ ಎತ್ತಿ ನೋಡಿ ಎರಡನ್ನು ಒಯ್ದರು.

ಭಾನುವಾರ ಗುಡ್ಡಮ್ಮ ಬಂದಳು. ಎಸ್ಟೇಟಿನಲ್ಲಿ ಗೋಡೆಗೆ ಗೋಡೆ ತಾಗಿದ ಕೂಲಿಯವರ ಲೈನ್ ಮನೆಗಳಲ್ಲಿ ಒಂದರಲ್ಲಿ ಒಬ್ಬಳೇ ಇರುವ ಹೆಂಗಸು. ಕೊಪ್ಪದ ಬಸ್ಸಿನಲ್ಲೂ ಯಾರ ಹತ್ತಿರವೂ ಮಾತಾಡದೆ ಕಿಟಕಿಗೆ ಮುಖ ಹಾಕಿ ಕೂರುವವಳು. ಐದು ವರ್ಷದ ಹಿಂದೆಯೂ ನಮ್ಮಲ್ಲಿಂದಲೇ ಒಂದು ಮರಿ ಒಯ್ದಿದ್ದಳು, ಎಷ್ಟು ಎತ್ತಿದರೂ ಸದ್ದು ಮಾಡದ ಮರಿ. ಅದು ಮೊನ್ನೆ ಹಾವು ಕಚ್ಚಿ ಸತ್ತಿತ್ತು.

ಉಳಿದ ಎರಡನ್ನೂ ಎತ್ತಿ ನೋಡಿದಳು. ಸುಮ್ಮನಿದ್ದದ್ದನ್ನು ಕೆಳಗಿಟ್ಟು, ಊರಿಗೆಲ್ಲ ಕೇಳುವ ಹಾಗೆ ಅರಚಿದ್ದನ್ನು ಸೆರಗಿನೊಳಗೆ ಹಾಕಿಕೊಂಡಳು. ನನಗೆ ಸಿಟ್ಟೇ ಬಂತು.

“ಎಂತ ಮಾರಾಯ್ತಿ, ಅಳುಬುರುಕ ಮರೀನ ತಗಂಡು ಹೋಗ್ತೀಯಲ್ಲ! ನೀ ಏಳಕ್ಕೆ ಕೆಲಸಕ್ಕೆ ಹೋದ್ರೆ ಬರೋದು ಐದಕ್ಕೆ. ಇದು ದಿನವಿಡೀ ಕಿರುಚಿದ್ರೆ ಲೈನಿನವರೆಲ್ಲ ನಿನ್ನ ಬಾಗಿಲಿಗೆ ಬರ್ತಾರೆ ಜಗಳಕ್ಕೆ.”

“ಬರ್ಲಿ ಅಮ್ಮ,” ಅಂದಳು. “ಹೋದ ಮಳೆಗಾಲ ಜ್ವರ ಬಂದು ಮೂರು ದಿನ ಹಾಸಿಗೆ ಬಿಟ್ಟು ಎದ್ದಿರ್ಲಿಲ್ಲ. ಆ ನಾಯಿ ಪಾಪ, ಬಲು ಒಳ್ಳೇದು. ಮೂರು ದಿನಾನೂ ನನ್ನ ಕಾಲ ಹತ್ರ ಸದ್ದಿಲ್ದೆ ಮಲಗಿತ್ತು. ಯಾರೂ ಬರ್ಲಿಲ್ಲ.”