ಬೋರಾ ಬೀಸಿದ ದಿನ ಕಿಟಕಿ ತೆರೆಯುವ ಯೋಲಾಂಡಾ

ಬೆಳಗಿನ ಐದೂವರೆ. ತ್ರಿಯೆಸ್ತೆಯ ಬಂದರು ಬೀದಿಯಲ್ಲಿ ಬೋರಾ ಗಾಳಿ ಹುಚ್ಚೆದ್ದು ಬೀಸುತ್ತಿದೆ. ನಿಲ್ಲಿಸಿದ್ದ ಸ್ಕೂಟರುಗಳು ಸಾಲಾಗಿ ಮಗುಚಿ ಬಿದ್ದಿವೆ. ಊರಿಗೆ ಊರೇ ಕಿಟಕಿ ಬಾಗಿಲು ಬಿಗಿದುಕೊಂಡು ಕೂತಿದೆ. ಗ್ರೆಗಾಲೆ ಹೋಲ್ಡಿಂಗ್ ಕಂಪನಿಯ ನೆಲಮಾಳಿಗೆಯಲ್ಲಿ ಮಾತ್ರ ಐವತ್ತೊಂಬತ್ತರ ಯೋಲಾಂಡಾ ಕ್ರಿಜ್‌ಮನ್ ಏಣಿ ಹತ್ತಿ, ಹನ್ನೊಂದು ಕಿಟಕಿಗಳನ್ನೂ ಒಂದೊಂದಾಗಿ ತೆರೆಯುತ್ತಿದ್ದಾರೆ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುವವರು ಅನ್ನಲಿ.

ಕೆಳಗೆ ಏಣಿ ಹಿಡಿದು ನಿಂತವನು ಕಾವಲುಗಾರ ಎಡ್ವಿನೊ. ‘ಇವತ್ತು ಹಾರಿಹೋಗ್ತೀಯ ಕಣೇ. ನಿನ್ನ ಹುಡುಕ್ಕೊಂಡು ವೆನಿಸ್ ತನಕ ಬರೋಕೆ ನನ್ನ ಕೈಲಾಗಲ್ಲ.’

‘ನನ್ನ ಮೈ ನೋಡಿ ಮಾತಾಡು. ಹಾರೋದಿದ್ರೆ ನೀನೇ ಹಾರ್ಬೇಕು, ಕಡ್ಡಿಪೈಲ್ವಾನ.’

ಯೋಲಾಂಡಾ ಇಲ್ಲಿ ಹಳೆಯ ಕಾಗದ ಕಾಯುವವರು. ಮೂವತ್ತನಾಲ್ಕು ವರ್ಷದ ಕೆಲಸ. ನೆಲಮಾಳಿಗೆಯ ಗೋಡೆಯಾಚೆ ಸಮುದ್ರ. ವರ್ಷವಿಡೀ ಕಾಗದಕ್ಕೆ ತೇವ ಏರುತ್ತದೆ. ಆ ತೇವವನ್ನು ಹೀರುವುದು ಬೆಟ್ಟದಿಂದಿಳಿಯುವ ಈ ಒಣಗಾಳಿಯೊಂದೇ. ಆದ್ದರಿಂದ ಬೋರಾ ಬರುವ ಸುದ್ದಿ ಸಿಕ್ಕ ಸಂಜೆಯೇ ಅವರು ನಾಲ್ಕು ಸಾವಿರದ ನೂರು ಕಟ್ಟುಗಳ ಮೇಲೆ ಒಂದೊಂದು ಕಲ್ಲು ಹೇರುತ್ತಾರೆ. ಹೆಚ್ಚಿನವು ಅವರ ಊರಿನ ಬೆಟ್ಟದ ಸುಣ್ಣಕಲ್ಲು. ಭಾನುವಾರಗಳಲ್ಲಿ ಬಸ್ಸಿನಲ್ಲಿ, ಚೀಲಕ್ಕೆ ಆರರಂತೆ ಹೊತ್ತು ತಂದದ್ದು. ಸೊಂಟ ಇನ್ನೂ ನೆಟ್ಟಗಿರುವುದೇ ಆಶ್ಚರ್ಯ.

‘ಸೇರಿದ ವರ್ಷ ಕಲ್ಲಿಡೋದು ಮರೆತು ಕಿಟಕಿ ತೆಗೆದುಬಿಟ್ಟೆ. ಕಾಫಿ ಕಂಪನಿ ಕಾಗದ ಹಾರಿ ಹಡಗಿನ ಕಂಪನೀದರ ಮೇಲೆ, ಮರದ ಕಂಪನೀದು ಮೆಟ್ಟಿಲ ಮೇಲೆ. ಕೂತು ಅತ್ತುಬಿಟ್ಟೆ. ಮತ್ತೆ ಜೋಡ್ಸೋಕೆ ಎರಡು ವರ್ಷ ಹಿಡೀತು. ಅದೇ ನನ್ನ ಕಾಲೇಜು ಅಂದ್ಕೊಳ್ಳಿ’ ಎನ್ನುತ್ತಾರೆ.

ನಿಜಕ್ಕೂ ಅದು ಕಾಲೇಜೇ ಆಯಿತು. ಗ್ರೆಗಾಲೆ ಸ್ವತಃ ಏನನ್ನೂ ತಯಾರಿಸುವುದಿಲ್ಲ, ಮಾರುವುದಿಲ್ಲ. ಬೇರೆ ಕಂಪನಿಗಳ ಪಾಲು ಹಿಡಿದುಕೊಂಡು ಅವನ್ನು ಆಳುತ್ತದೆ. ಹಾಗೆ ಅದು ಮಡಿಲಿಗೆ ಹಾಕಿಕೊಂಡವು ಇಪ್ಪತ್ತಮೂರು. ಒಂದೊಂದೂ ತನ್ನ ಕಾಗದವನ್ನು ತನ್ನದೇ ದಾರದಲ್ಲಿ ಕಟ್ಟುತ್ತಿತ್ತು. ಹಡಗಿನವರದು ನೀಲಿ, ಮರದವರದು ಹಸಿರು, ಕಾಫಿಯವರದು ಗೋಣಿದಾರ. ಚಕ್ರವರ್ತಿ ಹೋದ, ರಾಜ ಬಂದ, ರಾಜನೂ ಹೋದ. ಬಾವುಟಗಳು ಬದಲಾದವು, ದಾರಗಳು ಬದಲಾಗಲಿಲ್ಲ. ಒಂದು ತುಂಡು ದಾರ ಮೂಸಿ ಇದು ಯಾವ ಕಂಪನಿಯದು, ಯಾವ ಕಾಲದ್ದು ಎಂದು ಯೋಲಾಂಡಾ ಹೇಳಬಲ್ಲರು. ಇತಿಹಾಸದ ಪ್ರೊಫೆಸರುಗಳು ಬರುತ್ತಾರೆ, ಕೇಳುತ್ತಾರೆ, ಬರೆದುಕೊಂಡು ಹೋಗುತ್ತಾರೆ. ಪುಸ್ತಕದಲ್ಲಿ ಅವರ ಹೆಸರಿರುತ್ತದೆ, ಈಕೆಯದಿರುವುದಿಲ್ಲ.

ಈ ಮಾರ್ಚ್‌ಗೆ ಅವರ ನಿವೃತ್ತಿ. ಆ ಜಾಗಕ್ಕೆ ಮತ್ತೆ ಯಾರನ್ನೂ ನೇಮಿಸುವುದಿಲ್ಲವೆಂದು ಮೇಲಿನ ಮಹಡಿಯಿಂದ ಕಾಗದ ಬಂದಿದೆ. ಕಿಟಕಿ ತೆರೆಯುವವರಿಲ್ಲದೆ ಎರಡು ಚಳಿಗಾಲ ಕಳೆದರೆ ಸಾಕು, ಎಲ್ಲ ಬೂಸ್ಟು ಹಿಡಿದು ಮುದ್ದೆಯಾಗುತ್ತದೆ. ಆ ಕಾಗದ ಓದಿದ ದಿನ ಯೋಲಾಂಡಾ ಊಟ ಮಾಡಲಿಲ್ಲ. ‘ನನ್ನ ಸಂಬಳ ನಿಂತ್ರೆ ನಿಲ್ಲಲಿ. ಇವಕ್ಕೆ ಯಾರಿದ್ದಾರೆ?’

ಒಂಬತ್ತಕ್ಕೆ ಮೆಟ್ಟಿಲಲ್ಲಿ ಬೂಟಿನ ಸದ್ದಾಗುತ್ತದೆ. ಆ ಕಾಗದಕ್ಕೆ ಸಹಿ ಹಾಕಿದ ಹೊಸ ನಿರ್ದೇಶಕ ತುಲ್ಲಿಯೊ ಮಾರ್ಸಿಚ್ ಕೋಟು ಹಿಡಿದುಕೊಂಡು ಇಳಿದು ಬರುತ್ತಾರೆ.

‘ಸಿನ್ಯೋರಾ, ತಲೆ ನೆಟ್ಟಗಿದೆಯಾ? ಬೋರಾದಲ್ಲಿ ಯಾರಾದ್ರೂ ಕಿಟಕಿ ತೆಗೀತಾರಾ? ಮೇಲೆ ನಮ್ಮ ಕಾಲು ಹೆಪ್ಪುಗಟ್ತಿದೆ.’

ಅಷ್ಟರಲ್ಲಿ ಅವರ ಪಕ್ಕದ ಮೇಜಿನ ಮೇಲಿದ್ದ ಕಟ್ಟೊಂದರ ಹಾಳೆಗಳು ಪಟಪಟನೆ ಏಳುತ್ತವೆ. ಆ ಕಟ್ಟಿನ ದಾರ ಬಿಚ್ಚಿದೆ, ಮೇಲೆ ಕಲ್ಲಿಲ್ಲ. ನಿರ್ದೇಶಕರು ಎರಡೂ ಕೈಯಿಂದ ಅದನ್ನು ಅದುಮಿ ಹಿಡಿಯುತ್ತಾರೆ.

‘ಕೈ ಬಿಡಬೇಡಿ ದೊತ್ತೋರೆ, ಕಲ್ಲು ತರ್ತೀನಿ’ ಎಂದು ಸಾಹೇಬರಿಗೆ ಹೇಳಿ ಯೋಲಾಂಡಾ ಹೊರಡುತ್ತಾರೆ. ಆ ನಡಿಗೆಗೇನೂ ಅವಸರವಿಲ್ಲ.

ಕೈ ಬಿಡುವಂತಿಲ್ಲ, ಕಣ್ಣಿಗೆ ಬೇರೆ ಕೆಲಸವಿಲ್ಲ. ನಿರ್ದೇಶಕರು ಕೈಯಡಿಯ ಹಾಳೆ ಓದತೊಡಗುತ್ತಾರೆ. ಕಂಪನಿ ಸ್ಥಾಪಿಸಿದ್ದು ಒಬ್ಬ ಬ್ಯಾರನ್ ಎಂದು ಮೇಲಿನ ಹಜಾರದ ಅಮೃತಶಿಲೆಯ ಮೂರ್ತಿ ಹೇಳುತ್ತದೆ. ಈ ಹಾಳೆ ಅಲ್ಲಿ ಕೆತ್ತಿದ ಇಸವಿಗಿಂತಲೂ ಹದಿಮೂರು ವರ್ಷ ಹಿಂದಿನದು. ಹನ್ನೊಂದು ಮಂದಿ ಹಗ್ಗ ಹೊಸೆಯುವವರು ಹೆಬ್ಬೆಟ್ಟು ಒತ್ತಿದ್ದಾರೆ. ಬೋರಾ ಬೀಸಿದಾಗ ಜನ ಹಿಡಿದು ನಡೆಯಲೆಂದು ಬೀದಿಯುದ್ದ ಹಗ್ಗ ಎಳೆದು, ಮೂಲೆ ಮೂಲೆಯಲ್ಲಿ ತುದಿ ಹಿಡಿದು ನಿಲ್ಲುತ್ತಿದ್ದವರು ಇವರೇ. ಬಿದ್ದು ಕೈಕಾಲು ಮುರಿದುಕೊಂಡವನ ಮನೆಯನ್ನು ಉಳಿದವರು ನೋಡಿಕೊಳ್ಳಲೆಂದು ಕಟ್ಟಿದ ಸಂಘ ಅದು. ಮುಂದೆ ಅದೇ ಹಡಗುಗಳ ವಿಮೆಗಿಳಿಯಿತು, ಬ್ಯಾಂಕಾಯಿತು, ಗ್ರೆಗಾಲೆಯಾಯಿತು.

ಮೊದಲ ನಿಯಮವನ್ನು ನಿರ್ದೇಶಕರು ಗಟ್ಟಿಯಾಗಿ ಓದುತ್ತಾರೆ: ‘ಹಗ್ಗದ ತುದಿ ಹಿಡಿದವನು, ಇನ್ನೊಬ್ಬನ ಕೈಗೆ ಕೊಡದೆ ಅದನ್ನು ಬಿಡತಕ್ಕದ್ದಲ್ಲ.’

ಯೋಲಾಂಡಾ ಕಲ್ಲಿಡುತ್ತಾರೆ. ನಿರ್ದೇಶಕರು ಕೈ ತೆಗೆದು ನೋಡಿಕೊಳ್ಳುತ್ತಾರೆ. ಡಾಂಬರು ಬಳಿದ ಹಳೇ ಸೆಣಬಿನ ದಾರದ ಕರಿ ಅಂಗೈಗೆ ಮೆತ್ತಿದೆ.

‘ನೀವು ಮಾಡೋದನ್ನೆಲ್ಲ ಇನ್ನೊಬ್ಬರಿಗೆ ಕಲಿಸೋಕೆ ಎಷ್ಟು ದಿನ ಬೇಕು?’

‘ದಾರ ಗುರುತಿಸೋಕೆ ವರ್ಷ ಬೇಕು ದೊತ್ತೋರೆ. ಮೊದಲು ಕಲ್ಲು, ಆಮೇಲೆ ಕಿಟಕಿ ಅನ್ನೋದಕ್ಕೆ ಒಂದು ಬೆಳಗ್ಗೆ ಸಾಕು.’

‘ಸರಿ. ಸೋಮವಾರ ಒಬ್ಬರನ್ನ ಕಳಿಸ್ತೀನಿ. ನಿಮ್ಮ ಜಾಗಕ್ಕೇ.’ ಮೆಟ್ಟಿಲು ಹತ್ತುವ ಮೊದಲು ಅವರು ಕಿಟಕಿಗಳತ್ತ ನೋಡುತ್ತಾರೆ. ಮುಚ್ಚಿ ಎನ್ನುವುದಿಲ್ಲ.

ಬೂಟಿನ ಸದ್ದು ಅಡಗಿದ ಮೇಲೆ ಎಡ್ವಿನೊ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡುತ್ತಾನೆ. ‘ನಾಲ್ಕು ಸಾವಿರ ಕಟ್ಟಿನಲ್ಲಿ ಅದೊಂದಕ್ಕೇ ಕಲ್ಲಿಡೋದು ಮರೆತೆಯಾ?’

ಯೋಲಾಂಡಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೆರಳು ಕಾಯಿಸಿಕೊಳ್ಳುತ್ತಾರೆ. ‘ಮರೆತದ್ದು ಸೇರಿದ ವರ್ಷ ಮಾತ್ರ ಕಣೋ’ ಎನ್ನುತ್ತಾರೆ. ‘ಆಮೇಲೆ ಒಂದು ದಿನಾನೂ ಮರೆತಿಲ್ಲ.’