ಮೈಸೂರಿನ ಹಾಡಿಗೆ ಅಡ್ಡ ಬಂದ ಮಗ್ಗ

ನಾನು ದೊಡ್ಡಬಳ್ಳಾಪುರದಲ್ಲಿ ಮೇಷ್ಟರಾಗಿದ್ದ ಕಾಲವದು. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಶಾಲೆಯಿಂದ ಬಂದವನು ಮೊದಲು ಕೈಕಾಲು ತೊಳೆದು, ಅನಂತರ ಕಾಫಿ ಕುಡಿದು, ಅದಾದ ಮೇಲೆಯೇ ರೇಡಿಯೋ ಮುಟ್ಟಬೇಕೆಂಬ ಕ್ರಮವನ್ನು ನನಗೆ ನಾನೇ ವಿಧಿಸಿಕೊಂಡಿದ್ದೆ. ದೆಹಲಿ, ಮದರಾಸಿನ ದೊಡ್ಡ ನಿಲಯಗಳಲ್ಲಿ ನನಗೆ ಆಸಕ್ತಿಯಿರಲಿಲ್ಲ. ಯಾರು ಗುಂಡಿ ತಿರುಗಿಸಿದರೂ ಅವು ಸಿಗುತ್ತವೆ. ದೂರದ, ಕ್ಷೀಣ ದನಿಯ ನಿಲಯವೊಂದನ್ನು ಗೊರಗೊರ ಸದ್ದಿನೊಳಗಿಂದ ಹೆಕ್ಕಿ ತೆಗೆಯುವುದೇ ನನ್ನ ಚಟವಾಗಿತ್ತು. ಅಂಥವುಗಳಲ್ಲಿ ಮೈಸೂರಿನದು ನನಗೆ ಪರಮಪ್ರಿಯ. ಅದರ ಶಕ್ತಿ ಎಷ್ಟು ಅಲ್ಪವೆಂದರೆ, ನಮ್ಮೂರು ಮುಟ್ಟುವಷ್ಟರಲ್ಲಿ ಭಾಷಣಕಾರರೂ ಗಾಯಕರೂ ಸಮಾನವಾಗಿ ನೆಗಡಿ ಹಿಡಿದವರಂತೆ ಕೇಳಿಸುತ್ತಿದ್ದರು.

ಅಷ್ಟಾದರೂ ಕೇಳಿಸಬೇಕಾದರೆ ಪಕ್ಕದ ಮನೆಯ ಯಜಮಾನರ ಎರಡು ಮಗ್ಗಗಳು ನಿಂತಿರಬೇಕಾಗಿತ್ತು. ವಿದ್ಯುತ್ತಿನಿಂದ ಓಡುವ ಆ ಮಗ್ಗಗಳ ಮೋಟಾರು ಶುರುವಾಯಿತೆಂದರೆ ನನ್ನ ರೇಡಿಯೋ ಒಗ್ಗರಣೆಯ ಬಾಣಲೆಯಾಗುತ್ತಿತ್ತು. ಒಮ್ಮೆ ವಿನಯದಿಂದಲೇ ಹೇಳಿ ನೋಡಿದ್ದೆ. "ನಿಮ್ಮ ಪೆಟ್ಟಿಗೆ ಮಾತಾಡ್ಲಿ ಅಂತ ನನ್ನ ಮಗ್ಗ ಬಾಯಿ ಮುಚ್ಕೋಬೇಕಾ ಮೇಷ್ಟ್ರೇ?" ಎಂದು ಅವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡಿದ್ದರು.

ಹೀಗಿರುವಾಗ ನನಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಅಮ್ಮನವರಿಗೆ ಸುದ್ದಿಯೊಂದು ಬಂತು. ಅವರ ಒಬ್ಬಳೇ ಮಗಳನ್ನು ಮೈಸೂರಿಗೆ ಕೊಟ್ಟಿತ್ತು. ಮದುವೆಯಾದ ಮೇಲೆ ಅವಳು ತವರಿಗೆ ಬಂದಿರಲಿಲ್ಲ. ಅವಳು ಚತುರ್ದಶಿಯ ಸಂಜೆ, ದೀಪ ಹಚ್ಚುವ ವೇಳೆಗೆ, ತಾಯಿಯೇ ಕಲಿಸಿದ ಹಸೆಹಾಡನ್ನು ರೇಡಿಯೋದಲ್ಲಿ ಹಾಡುತ್ತಾಳಂತೆ. ಅಮ್ಮನವರು ನನ್ನ ಬಾಗಿಲಲ್ಲಿ ನಿಂತು, ಅವಳ ದನಿ ಕೇಳಿಸುವುದೇ ಎಂದು ಮೂರು ಬಗೆಯಾಗಿ ಕೇಳಿದರು. ಕೇಳಿಸುತ್ತದೆ ಎಂದುಬಿಟ್ಟೆ.

ಯಜಮಾನರನ್ನು ಬೇಡಿ ಪ್ರಯೋಜನವಿರಲಿಲ್ಲ. ಆದರೆ ಅಮಾವಾಸ್ಯೆಯ ದಿನ ಮಗ್ಗ ಮುಟ್ಟಬಾರದೆಂಬ ನೇಕಾರರ ಕಟ್ಟಳೆಯನ್ನು ಅವರಷ್ಟು ಬಿಗಿಯಾಗಿ ಪಾಲಿಸುವವರು ಬೀದಿಯಲ್ಲಿ ಬೇರೊಬ್ಬರಿರಲಿಲ್ಲ. ಪಂಚಾಂಗ ನೋಡಿದೆ. ಚತುರ್ದಶಿಯ ಇಳಿಹೊತ್ತಿಗೇ ಅಮಾವಾಸ್ಯೆ ಹುಟ್ಟುತ್ತಿತ್ತು. ಆ ದಿನ ಬೆಳಿಗ್ಗೆ ಅವರ ಜಗಲಿಯಲ್ಲಿ ನಾಲ್ಕು ಜನ ಸೇರಿದ್ದಾಗ, ಶಿಷ್ಯನಂತೆ ಕೈಕಟ್ಟಿ, ಕಟ್ಟಳೆ ದಿನಕ್ಕೋ ತಿಥಿಗೋ ಎಂದು ಕೇಳಿದೆ.

"ತಿಥಿಗೇ. ಅದರಲ್ಲಿ ಎರಡು ಮಾತೇನು?" ಎಂದರು ಯಜಮಾನರು, ನಾಲ್ವರಿಗೂ ಕೇಳುವಂತೆ.

ಹಾಗಾದರೆ ಇಂದು ಇಳಿಹೊತ್ತಿಗೇ ಮಗ್ಗ ನಿಲ್ಲಬೇಕಲ್ಲವೇ ಎಂದೆ. ಅವರು ಸೇರಿದ್ದ ನಾಲ್ವರ ಮುಖ ನೋಡಿ, ನಿಲ್ಲುತ್ತದೆ ಎಂದರು. ನಿಲ್ಲಿಸಿದರು ಕೂಡ. ನಾನು ಗೆದ್ದ ಉತ್ಸಾಹದಲ್ಲಿ ಎರಡನೆಯ ಲೋಟ ಕಾಫಿ ಕುಡಿದೆ. ಮೈಸೂರು ಎಂದಿಲ್ಲದಷ್ಟು ಸ್ಪಷ್ಟವಾಗಿ ಕೇಳಿಸಿತು. ಕಾರ್ಯಕ್ರಮದಲ್ಲಿ ಬದಲಾವಣೆಯಾಗಿದೆ, ಹಸೆಹಾಡು ನಾಳೆ ಇದೇ ವೇಳೆಗೆ, ಎಂಬ ಪ್ರಕಟಣೆಯೂ ಅಷ್ಟೇ ಸ್ಪಷ್ಟವಾಗಿ ಕೇಳಿಸಿತು.

ನಾಳೆ ಹೇಗೂ ಇಡೀ ಬೀದಿಗೆ ರಜ ಎಂದು ಅಮ್ಮನವರು ಸಮಾಧಾನಪಟ್ಟರು. ನಾನು ಮತ್ತೆ ಪಂಚಾಂಗ ತೆರೆದೆ. ಅಮಾವಾಸ್ಯೆ ಮರುದಿನ ಮಧ್ಯಾಹ್ನ ಮೂರಕ್ಕೇ ಮುಗಿಯುತ್ತಿತ್ತು. ಜಗಲಿಯಲ್ಲಿ ನಾನು ತಿಥಿಯ ಮಾತು ತೆಗೆಯದಿದ್ದಿದ್ದರೆ ವಾಡಿಕೆಯಂತೆ ಆ ರಾತ್ರಿಯವರೆಗೂ ಮಗ್ಗ ನಿಂತಿರುತ್ತಿತ್ತು.

ಮರುದಿನ ಮೂರರ ಮೇಲೆ ಸ್ವಲ್ಪ ಹೊತ್ತಿಗೇ, ಬೀದಿಯೆಲ್ಲ ಮೌನವಾಗಿದ್ದಾಗ, ಪಕ್ಕದ ಮನೆಯ ಎರಡು ಮಗ್ಗಗಳು ಮಾತ್ರ ಗಡಗಡಿಸತೊಡಗಿದವು. ನಾನು ಓಡಿದೆ. ಯಜಮಾನರು ಎದ್ದು ನಿಂತು ನಮಸ್ಕರಿಸಿದರು.

"ತಿಥಿ ಕಳೀತು ಮೇಷ್ಟ್ರೇ. ಇಷ್ಟು ವರ್ಷ ಅರ್ಧ ದಿನದ ನೇಯ್ಗೆ ಸುಮ್ಮನೆ ಕಳ್ಕೊಂಡಿದ್ದೆ, ನೀವು ಕಣ್ಣು ತೆರೆಸಿದ್ರಿ."

ಅದು ನನ್ನದೇ ತರ್ಕವಾಗಿತ್ತು. ಮನೆಗೆ ಬಂದು ಅಮ್ಮನವರಿಗೆ ಎಲ್ಲವನ್ನೂ ಹೇಳಿದೆ. ಅವರು ಗದರಲಿಲ್ಲ, ಕಂಡಿಕೆ ಸುತ್ತುತ್ತಿರುವವರು ಯಾರು ಎಂದಷ್ಟೇ ಕೇಳಿದರು. ಲಾಳಿಯೊಳಗೆ ಕೂರಿಸುವ ನೂಲಿನ ಸುರುಳಿಗೆ ಕಂಡಿಕೆಯೆನ್ನುತ್ತಾರೆ. ಅದು ಮುಗಿದಂತೆಲ್ಲ ಹೊಸದು ಬೇಕು. ಯಜಮಾನರ ಹೆಂಡತಿ ಮತ್ತು ಇಬ್ಬರು ಸೊಸೆಯರು ಮುಖ ಊದಿಸಿಕೊಂಡು ರಾಟೆಯ ಮುಂದೆ ಕೂತಿದ್ದಾರೆ ಎಂದೆ.

ಅಮ್ಮನವರು ತಲೆ ಬಾಚಿಕೊಂಡು, ಕುಂಕುಮದ ಬಟ್ಟಲು ಹಿಡಿದು ಆ ಮನೆಯ ಹಿತ್ತಿಲ ಬಾಗಿಲಿಗೆ ಹೋದರು. ಅವರು ಆಡಿದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತು.

"ನನ್ನ ಮಗಳು ಹಾಡ್ತಾಳೆ, ಬನ್ರಮ್ಮ. ರಜದ ದಿನ ರಾಟೆ ಮುಂದೆ ಕೂರೋಕೆ ನಿಮಗೇನು ಕರ್ಮ?"

ಮೂವರೂ ಬಂದರು. ಮೊಮ್ಮಗುವನ್ನೂ ಎತ್ತಿಕೊಂಡು ಬಂದರು. ದೀಪ ಹಚ್ಚುವ ವೇಳೆ ಹತ್ತಿರವಾದರೂ ಗೋಡೆಯಾಚೆ ಮಗ್ಗಗಳು ಇನ್ನೂ ಬಡಿದುಕೊಳ್ಳುತ್ತಿದ್ದವು. ರೇಡಿಯೋದಲ್ಲಿ ಬರೀ ಚಟಪಟ. ಅಮ್ಮನವರು ಮಾತ್ರ ನಿಶ್ಚಿಂತರಾಗಿ ಹೆಂಗಸರಿಗೆ ಅರಿಸಿನ ಕುಂಕುಮ ಕೊಡುತ್ತಿದ್ದರು. ಸುತ್ತಿಟ್ಟ ಕಂಡಿಕೆಗಳು ಒಂದೊಂದಾಗಿ ಖರ್ಚಾಗಿರಬೇಕು. ಮೊದಲು ಒಂದು ಮಗ್ಗ ನಿಂತಿತು. ಅನೌನ್ಸರು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಎರಡನೆಯದೂ ನಿಂತು, ಮೋಟಾರು ಆರಿತು.

ಯಜಮಾನರು ಹೆಂಡತಿಯನ್ನು ಹುಡುಕಿಕೊಂಡು ಖಾಲಿ ಲಾಳಿ ಹಿಡಿದೇ ನಮ್ಮ ಹೊಸ್ತಿಲಿಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಅಮ್ಮನವರು ತುಟಿಯ ಮೇಲೆ ಬೆರಳಿಟ್ಟು ನೆಲ ತೋರಿಸಿದರು. ಯಜಮಾನರು ಕೂತರು.

ಹಾಡು ಬಂತು. ಏರುತ್ತಿತ್ತು, ಇಳಿಯುತ್ತಿತ್ತು, ಒಮ್ಮೊಮ್ಮೆ ಮಾಯವೇ ಆಗುತ್ತಿತ್ತು. ಆದರೂ ಅದು ಯಾರ ದನಿಯೆಂದು ಅಮ್ಮನವರ ಮುಖ ನೋಡಿದರೆ ತಿಳಿಯುತ್ತಿತ್ತು. ಮುಗಿದ ಮೇಲೆ ಅವರು ಕಣ್ಣೊರೆಸಿಕೊಂಡರು.

"ಕೊನೇ ನುಡಿ ಬಿಟ್ಲು," ಎಂದರು. "ಮೊದಲಿಂದ್ಲೂ ಅವಳಿಗೆ ಅವಸರ."

ಹೇಳಿ, ರೇಡಿಯೋ ಆರಿಸುವಂತೆ ನನಗೆ ಸನ್ನೆ ಮಾಡಿ, ಆ ನುಡಿಯನ್ನು ತಾವೇ ಹಾಡತೊಡಗಿದರು. ಯಜಮಾನರು ಮಗ್ಗದ ನೆನಪಾಗಿ ಮೆಲ್ಲನೆ ಎದ್ದರು; ಹೆಂಡತಿ ಪಂಚೆಯ ಚುಂಗು ಹಿಡಿದು ಮತ್ತೆ ಕೂರಿಸಿದರು.