ವಾಪಸ್ ಹೋದ ಒಬ್ಬಟ್ಟು

ಫ್ರೆಂಡ್ಸ್, ಇವತ್ತು ಒಂದು ಒಬ್ಬಟ್ಟಿನಿಂದ ಗಂಡನ ಮನೆಯಲ್ಲಿ ನನ್ನ ಮಾನ ಹೋಯಿತು ಅಂದುಕೊಂಡಿದ್ದೆ. ಕುಂತೂರಿನಿಂದ ನನ್ನ ಗಂಡನ ಸೋದರತ್ತೆ, ನಮ್ಮ ಮದುವೆಯಾದ ಮೇಲೆ ಮೊದಲ ಸಲ ಕೊಳ್ಳೇಗಾಲದ ಮನೆಗೆ ಊಟಕ್ಕೆ ಬಂದಿದ್ದರು. ಅವರು ಸೊಸೆಯನ್ನು ಮೆಚ್ಚಿದರೆ ಇಡೀ ಬಳಗ ಮೆಚ್ಚಿದಂತೆ ಎಂದು ನಮ್ಮತ್ತೆ ಬೆಳಗಿನಿಂದ ಹೇಳುತ್ತಲೇ ಇದ್ದರು.

ಬಡಿಸುವ ಉತ್ಸಾಹವೆಲ್ಲ ಭಾವನ ಆರು ವರ್ಷದ ಮಗಳು ಸಿಂಚನಾಳದು. “ಅಜ್ಜಿ, ಒಬ್ಬಟ್ಟು ಹಾಕ್ಲಾ?” ಎಂದಳು.

“ಅಯ್ಯೋ, ಬ್ಯಾಡ ಕಣವ್ವ, ಸಾಕು,” ಎಂದರು ಸೋದರತ್ತೆ, ನೆಂಟರೆಲ್ಲ ಮೊದಲ ಸಲ ಅನ್ನುವ ಹಾಗೆ.

“ಸರಿ ಅಜ್ಜಿ,” ಎಂದವಳೇ ಸಿಂಚನಾ ಒಬ್ಬಟ್ಟಿನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೊರಟೇಬಿಟ್ಟಳು. ಸೋದರತ್ತೆಯ ಕಣ್ಣು ತಟ್ಟೆಯ ಹಿಂದೆಯೇ ಹೋಯಿತು.

ನಮ್ಮತ್ತೆ ಗದರಿದರು: “ಲೇ, ಬ್ಯಾಡ ಅಂದ್ರೂ ಇಕ್ಕಬೇಕು ಕಣೆ.”

“ಬೇಡ ಅಂದ್ಮೇಲೆ ಬಲವಂತ ಮಾಡ್ಬಾರ್ದು ಅಂತ ಚಿಕ್ಕಮ್ಮ ಹೇಳ್ಕೊಟ್ಟವ್ರೆ,” ಎಂದು ಅವಳು ನನ್ನತ್ತ ಬೆರಳು ತೋರಿಸಿದಳು.

ಹೌದು, ಮಕ್ಕಳಿಗೆ ಇದನ್ನು ಕಲಿಸಲೇಬೇಕೆಂದು ವಾರವಿಡೀ ಪಾಠ ಮಾಡಿದವಳು ನಾನೇ. ತುಪ್ಪದ ಬಟ್ಟಲು ಹಿಡಿದುಕೊಂಡೇ ಒಂದು ಹೆಜ್ಜೆ ಹಿಂದೆ ಸರಿದೆ.

ಸೋದರತ್ತೆ ನನ್ನನ್ನೊಮ್ಮೆ ದಿಟ್ಟಿಸಿ ನೋಡಿ, ಜೋರಾಗಿ ನಕ್ಕುಬಿಟ್ಟರು. “ಕೂಸು ಮಾಡಿದ್ದು ಸರಿಯಾಗೇ ಅದೆ, ನಾನ್ ಬ್ಯಾಡ ಅಂದಿದ್ದೇ ಸುಳ್ಳು. ತತ್ತಾ ಮಗ, ಬೇಕು. ಎಲ್ಡು ಇಕ್ಕು.”

ಹೊರಡುವಾಗ ನನ್ನ ಗಲ್ಲ ಹಿಡಿದು, “ಮುಂದಿನ್ ವಾರ ನಮ್ಮನೆಗೆ ಬಾ. ನೀನ್ ಬ್ಯಾಡ ಅಂದ್ರೆ ನಾನೂ ತಟ್ಟೆ ಎತ್ಕಂಡ್ ಓಯ್ತೀನಿ,” ಎಂದರು.

ಅಬ್ಬಾ, ಹೋದ ಜೀವ ಬಂತು. ಕುಂತೂರಿನಲ್ಲಿ ಹೊಸಿಲು ದಾಟುವ ಮೊದಲೇ ನಾನು “ಬೇಕು” ಅಂದುಬಿಡುತ್ತೇನೆ.